ಉಪ್ಪು-ಖಾರದ ಪೇರಲ

ಮಗಳ ಶಾಲೆಯಲ್ಲಿ ಸಕ್ಕರೆ ಬೋರ್ಡ್ ಹಾಕಿದ್ದಾರೆ. ಯಾವ ತಿಂಡಿಯಲ್ಲಿ, ಯಾವ ಕೂಲ್‌ಡ್ರಿಂಕ್‌ನಲ್ಲಿ ಎಷ್ಟು ಸಕ್ಕರೆ ಅಂತ ತೋರಿಸುವ ಫಲಕ. ಇಂಥದ್ದು ಹಾಕಿ ಅಂತ ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ಶಾಲೆಗಳಿಗೆ ಹೇಳಿತ್ತು. ಒಳ್ಳೆಯದೇ. ಆದರೆ ಹೊಟ್ಟೆ ಹಸಿದ ಮಕ್ಕಳು ಬೋರ್ಡ್ ಓದ್ತಾ ನಿಲ್ಲುತ್ತಾರಾ?

ನನಗೆ ಹಿಡಿಸಿದ್ದು ಕ್ಯಾಂಟೀನ್ ಮಾವಶಿಯ (ಮರಾಠಿಯಲ್ಲಿ ಚಿಕ್ಕಮ್ಮ; ಕ್ಯಾಂಟೀನಿನ ಹೆಂಗಸನ್ನು ಹಾಗೇ ಕರೆಯೋದು) ಉಪಾಯ. ಬುಟ್ಟಿಯಲ್ಲಿ ಇಡಿಯಾಗಿ ಇಟ್ಟಾಗ ಪೇರಲ ಹಣ್ಣನ್ನು ಯಾರೂ ಮುಟ್ಟುತ್ತಿರಲಿಲ್ಲವಂತೆ. ಈಗ ಉದ್ದುದ್ದ ಸೀಳಿ, ಉಪ್ಪು-ಖಾರ ಉದುರಿಸಿ, ಕಾಗದದ ಪೊಟ್ಟಣದಲ್ಲಿ ಹಾಕಿ ಕೌಂಟರಿನ ಮುಂದೆಯೇ ಇಡುತ್ತಾರೆ. ಸಮೋಸಾ ಹಿಂದಕ್ಕೆ ಹೋಗಿದೆ, ಕೇಳಿದರೆ ಮಾತ್ರ ಸಿಗುತ್ತೆ. ಉಪ್ಪು ಸ್ವಲ್ಪ ಜಾಸ್ತಿನೇ ಬೀಳುತ್ತೆ, ಅದು ಬೇರೆ ಮಾತು. ಬಿಡುವು ಮುಗಿಯುವುದರೊಳಗೆ ಪೊಟ್ಟಣಗಳೆಲ್ಲ ಖಾಲಿ.

ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ಮಾಡಿದೆ. ಆದರೆ ಇದು ಮುಂಬೈ ಹತ್ತಿರದ ಡೊಂಬಿವಲಿ ಸ್ವಾಮಿ! 51ನೇ ಮೀಟರಿನಲ್ಲಿ ವಡಾಪಾವ್ ಗಾಡಿ ಇದ್ದೇ ಇರುತ್ತೆ. ಸಂಜೆ ಅಲ್ಲಿ ಅಮ್ಮಂದಿರದ್ದೇ ಸಾಲು, ನಾನೂ ಸೇರಿ.

ಮಗಳು ಈಗ ಮನೆಯಲ್ಲೂ ಪೇರಲ ಕೇಳ್ತಾಳೆ. ಆದರೆ ತಟ್ಟೆಯಲ್ಲಿ ಕೊಟ್ಟರೆ ಬೇಡ, ಪೊಟ್ಟಣವೇ ಆಗಬೇಕಂತೆ.