ಒಂದೇ ಗುನ್ನಕ್ಕೆ ಎರಡು ಹೋಳು

ಬುಗುರಿ ಸೀಸನ್ ಯಾವಾಗ ಶುರು ಅಂತ ಯಾರೂ ಹೇಳುತ್ತಿರಲಿಲ್ಲ. ನಿನ್ನೆವರೆಗೂ ಇಡೀ ಬೀದಿ ಗೋಲಿ ಆಡುತ್ತಿರುತ್ತಿತ್ತು. ಇವತ್ತು ಬೆಳಿಗ್ಗೆ ಯಾವನೋ ಒಬ್ಬ ಚಡ್ಡಿ ಜೇಬಿನಿಂದ ಬುಗುರಿ ತೆಗೆದ ಅಂದರೆ ಮುಗೀತು, ಸಂಜೆಯೊಳಗೆ ಎಲ್ಲರ ಗೋಲಿಗಳೂ ಡಬ್ಬಿ ಸೇರುತ್ತಿದ್ದವು. ಆಷಾಢದಲ್ಲಿ ಗಾಳಿಪಟ ಹಾರಿಸೋದಕ್ಕೆ ಗಾಳಿ ಅನ್ನೋ ಕಾರಣ ಇದೆ. ಬುಗುರಿಗೆ ಏನು ಕಾರಣವೋ ನನಗಂತೂ ಇವತ್ತಿಗೂ ಗೊತ್ತಾಗಿಲ್ಲ.

1988ರ ಬೇಸಿಗೆ ರಜೆ. ನನಗೆ ಹತ್ತು ವರ್ಷ. ಮಂಡ್ಯದಲ್ಲಿ ನಮ್ಮದು ಹೆಂಚಿನ ಮನೆಗಳ ಸಣ್ಣ ಬೀದಿ. ಟಾರು ಬಿದ್ದಿರಲಿಲ್ಲ, ಅದೇ ನಮ್ಮ ಪುಣ್ಯ. ಟಾರಿನ ಮೇಲೆ ಬುಗುರಿ ಕುಣಿದಾಡುತ್ತೆ. ಗಟ್ಟಿ ಮಣ್ಣಾದರೆ ಮೊಳೆ ಒಂದು ಸಣ್ಣ ಗುಳಿ ಮಾಡಿಕೊಂಡು ಅಲ್ಲೇ ನಿಂತುಬಿಡುತ್ತೆ. ತಿರುಗುತ್ತಿದೆಯೋ ಇಲ್ಲವೋ ಅಂತ ಅನುಮಾನ ಬರೋಷ್ಟು ಸುಮ್ಮನೆ. ಅದಕ್ಕೆ ನಾವು ‘ನಿದ್ದೆ ಮಾಡ್ತಾ ಇದೆ’ ಅನ್ನುತ್ತಿದ್ದೆವು.

ಆ ರಜೆಯಲ್ಲಿ ಬೆಂಗಳೂರಿನಿಂದ ಮಾವ ಬಂದರು. ಬಸ್ಸು ಚನ್ನಪಟ್ಟಣದಲ್ಲಿ ನಿಂತಾಗ ಇಳಿದು ನನಗೆ ಅಂತ ಒಂದು ಬುಗುರಿ ತಂದಿದ್ದರು. ಕೆಂಪು, ಹಳದಿ, ಹಸಿರು ಪಟ್ಟೆ. ಮುಖ ಕಾಣೋಷ್ಟು ಮಿರುಗು. ಮೂಗಿನ ಹತ್ತಿರ ಹಿಡಿದರೆ ಅರಗಿನ ಸಣ್ಣ ವಾಸನೆ. ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ಮಾವ ಹೊರಡುವಾಗ ಒಂದೇ ಮಾತು ಹೇಳಿದರು: “ಪುಟ್ಟ, ಇದನ್ನ ಮನೇಲಿ ಆಡು. ಬೀದಿಗೆ ತಗೊಂಡೋಗ್ಬೇಡ.”

ಹತ್ತು ವರ್ಷದ ಹುಡುಗನಿಗೆ ಇದಕ್ಕಿಂತ ಕೆಟ್ಟ ಬುದ್ಧಿವಾದ ಇನ್ನೊಂದಿಲ್ಲ. ಬೀದಿಯವರು ನೋಡದಿದ್ದ ಮೇಲೆ ಆ ಬುಗುರಿ ಯಾಕೆ?

ನಮ್ಮ ಬೀದಿಯ ಆಟ ಹೀಗಿತ್ತು. ನೆಲದ ಮೇಲೆ ಒಂದು ವೃತ್ತ. ಎಲ್ಲರೂ ಚಾಟಿ ಸುತ್ತಿ ಒಟ್ಟಿಗೇ ಬುಗುರಿ ಬಿಡಬೇಕು. ಅದು ತಿರುಗುತ್ತಿರುವಾಗಲೇ ಚಾಟಿಯನ್ನು ಅದರ ಸೊಂಟಕ್ಕೆ ಹಾಕಿ ಮೇಲಕ್ಕೆ ಎಗರಿಸಿ ಕೈಯಲ್ಲಿ ಹಿಡಿಯಬೇಕು. ಇದೇ ಅಪೀಟ್. ಯಾವನು ಕೊನೆಗೆ ಹಿಡಿಯುತ್ತಾನೋ ಅವನ ಬುಗುರಿ ವೃತ್ತದೊಳಗೆ. ಉಳಿದವರು ತಮ್ಮ ಬುಗುರಿಯ ಮೊಳೆಯಿಂದ ಅದಕ್ಕೆ ಬೀಸಿ ಬೀಸಿ ಹೊಡೆಯುತ್ತಾರೆ. ಮೊಳೆ ನಾಟಿದ ಕಡೆ ಒಂದು ತೂತು ಬೀಳುತ್ತೆ ನೋಡಿ, ಅದು ಗುನ್ನ.

ಚಾಟಿಯೂ ಸುಮ್ನೆ ಅಲ್ಲ. ಸೋಡಾ ಬಾಟಲಿಯ ಮುಚ್ಚಳವನ್ನು ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡಿ, ನಡುವೆ ತೂತು ಕೊರೆದು, ಹುರಿಯ ತುದಿಗೆ ಪೋಣಿಸಿ ಗಂಟು ಹಾಕುತ್ತಿದ್ದೆವು. ಎಸೆಯುವಾಗ ಅದು ಎರಡು ಬೆರಳ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತೆ, ಹುರಿ ಜಾರಲ್ಲ. ಮೊಳೆಯನ್ನು ಒಗೆಯೋ ಕಲ್ಲಿಗೆ ಉಜ್ಜಿ ಉಜ್ಜಿ ಚೂಪು ಮಾಡಿಕೊಳ್ಳೋದು ಬೇರೆ. ಒಗೆಯೋ ಕಲ್ಲಿನ ಮೇಲೆ ಗೀರು ಕಂಡಾಗಲೆಲ್ಲ ಅಜ್ಜಿ ಬೈಯುತ್ತಿದ್ದರು, ಸೀರೆ ಹರಿಯುತ್ತೆ ಅಂತ.

ಈ ಆಟದಲ್ಲಿ ನಮ್ಮ ಮನೆಯಲ್ಲಿ ನಿಜವಾಗಿ ಕೈ ಕುದುರಿದ್ದು ಅಕ್ಕನಿಗೆ. ಹಿತ್ತಲಲ್ಲಿ ನನ್ನ ಬುಗುರಿ ಕಿತ್ತುಕೊಂಡು ಹತ್ತಕ್ಕೆ ಹತ್ತು ಅಪೀಟ್ ತೆಗೆಯುತ್ತಿದ್ದಳು. ಬೀದಿಯಲ್ಲಿ ಮಾತ್ರ ಅವಳಿಗೆ ಹೆಂಚಿನ ಚೂರು, ಕುಂಟೆಬಿಲ್ಲೆ. ಹುಡುಗಿಯರು ಬುಗುರಿ ಆಡಬಾರದು ಅಂತ ಯಾರು ಬರೆದಿಟ್ಟಿದ್ದರೋ. ಅಕ್ಕ ಈಗಲೂ ಆ ಮಾತು ಎತ್ತುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ಸರಿ, ಮಾವ ಹೋದ ಮಾರನೇ ದಿನವೇ ಬುಗುರಿ ತಗೊಂಡು ಬೀದಿಗಿಳಿದೆ. ಹುಡುಗರೆಲ್ಲ ಸುತ್ತ ನಿಂತರು. ಬೀದಿ ಕೊನೆಯ ಬಡಗಿಯ ಮಗ, ನನಗಿಂತ ಎರಡು ವರ್ಷ ದೊಡ್ಡವನು, ಅದನ್ನು ಇಸ್ಕೊಂಡು ಅಂಗೈಯಲ್ಲಿ ತೂಗಿ ನೋಡಿದ.

“ಏನ್ಲಾ ಇದು, ಹತ್ತಿ ಇದ್ದಂಗದೆ! ಆಡಕ್ ತಂದಿದ್ದೀಯಾ, ಪೂಜೆ ಮಾಡಕ್ ತಂದಿದ್ದೀಯಾ?”

“ಆಡೋಕೇ” ಅಂದೆ. ಅಂದಮೇಲೆ ಹಿಂದೆ ಸರಿಯೋದು ಹೇಗೆ?

ಅವನ ಬುಗುರಿ ಜಾಲಿ ಮರದ್ದು. ಬಣ್ಣ ಇಲ್ಲ, ಕೈ ಬೆವರಿಗೆ ಕಪ್ಪಾಗಿ ಎಣ್ಣೆ ಹಚ್ಚಿದ ಹಾಗಿತ್ತು. ಮೈಯೆಲ್ಲ ಗುನ್ನ. ಬೀದಿಯಲ್ಲಿ ಅದರ ಮರ್ಯಾದೆಯೇ ಬೇರೆ. ಎಲ್ಲರೂ ಚಾಟಿ ಸುತ್ತಿದೆವು, ಬಿಟ್ಟೆವು. ನನ್ನ ಬುಗುರಿ ಎಷ್ಟು ಚೆನ್ನಾಗಿ ತಿರುಗಿತು ಅಂದರೆ, ಮೂರು ಬಣ್ಣವೂ ಮೂರು ಉಂಗುರವಾಗಿ ಗಾಳಿಯಲ್ಲೇ ನಿಂತ ಹಾಗಿತ್ತು. ಅದನ್ನೇ ನೋಡುತ್ತಾ ನಿಂತುಬಿಟ್ಟೆ. ಅಪೀಟ್ ಮರೆತೇ ಹೋಯಿತು.

ವೃತ್ತದೊಳಗೆ ಇಟ್ಟೆ. ಮೊದಲ ಇಬ್ಬರು ಹೊಡೆದದ್ದು ಗುರಿ ತಪ್ಪಿತು. ಮೂರನೆಯವನು ಬಡಗಿಯ ಮಗ. ಅವನು ಬೀಸುವಾಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ‘ಟಪ್’ ಅಂತ ಒಂದು ಸದ್ದು, ಒಣ ಕಾಯಿ ಒಡೆದ ಹಾಗೆ. ಒಂದು ಹೋಳು ವೃತ್ತದಲ್ಲೇ ಉಳಿಯಿತು, ಇನ್ನೊಂದು ಮೋರಿ ಕಟ್ಟೆಗೆ ಬಡಿದು ನಿಂತಿತು. ಹೊರಗೆ ಅಷ್ಟು ಬಣ್ಣ, ಒಳಗೆ ಮಾತ್ರ ಬೆಳ್ಳಗೆ, ದಂತದ ಹಾಗೆ.

ಅದು ಯಾಕೆ ಅಷ್ಟು ಸುಲಭಕ್ಕೆ ಸೀಳಿತು ಅಂತ ತಿಳಿಯೋಕೆ ನನಗೆ 35 ವರ್ಷ ಬೇಕಾಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತಲ್ಲ, ಆಮೇಲೆ ಕಾರುಗಳೆಲ್ಲ ಊರಿನ ಹೊರಗೇ ಹೋಗಿಬಿಡುತ್ತವೆ. ಚನ್ನಪಟ್ಟಣದ ಬೊಂಬೆ ಅಂಗಡಿಗಳನ್ನು ನೋಡಬೇಕು ಅಂದರೆ ಬೇಕಂತಲೇ ಹಳೇ ರಸ್ತೆ ಹಿಡಿಯಬೇಕು. ನಾನು ಹಿಡಿದೆ. ಒಬ್ಬ ಕುಶಲಕರ್ಮಿ ಕೂತು ಕೆಲಸ ಮಾಡುತ್ತಿದ್ದರು. ತಿರುಗುತ್ತಿರುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದರು. ಉಜ್ಜುವ ಬಿಸಿಗೇ ಅರಗು ಕರಗಿ ಬಣ್ಣ ಮೆತ್ತಿಕೊಂಡಿತು. ಒಣಗಿದ ಗರಿ ಒಂದನ್ನು ಹಾಗೇ ಆನಿಸಿ ಎಳೆದರು, ಮಿರುಗು ಬಂತು. ಅಷ್ಟೇ, ಒಂದು ನಿಮಿಷವೂ ಇಲ್ಲ.

“ಯಾವ ಮರ ಅಣ್ಣ ಇದು?” ಅಂದೆ.

“ಹಾಲೆ ಮರ. ಮೆತ್ತಗಿರ್ತದೆ ಸಾರ್, ಉಳಿ ಮಾತು ಕೇಳ್ತದೆ.”

ನಾನು ಗುನ್ನದ ಕತೆ ಹೇಳಿದೆ. ಅವರು ಉಳಿ ಕೆಳಗಿಟ್ಟು ನನ್ನನ್ನೇ ನೋಡಿದರು. “ಇದುಕ್ಕೆ ಗುನ್ನ ಹೊಡೆಸಿದ್ರಾ?” ಅಂದವರ ಮುಖದಲ್ಲಿ, ಮಗುವನ್ನು ಕುಸ್ತಿ ಅಖಾಡಕ್ಕೆ ಕಳಿಸಿದವನನ್ನು ನೋಡಿದ ಹಾಗೆ ಒಂದು ಭಾವ.

ಮತ್ತೆ ಬೀದಿಗೆ ಬರೋಣ. ನಾನು ಅಳಲಿಲ್ಲ. ಅತ್ತರೆ ಆ ರಜೆಯಿಡೀ ಅದೇ ಮಾತಾಗುತ್ತಿತ್ತು. ಎರಡು ಹೋಳು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಸಂಜೆ ಬಡಗಿಯ ಮಗ ಜಗಲಿ ಹತ್ತಿರ ಬಂದು ನಿಂತ. ಏನೂ ಹೇಳಲಿಲ್ಲ. ತನ್ನ ಜಾಲಿ ಬುಗುರಿಯನ್ನು ಜಗಲಿ ಮೇಲೆ ಇಟ್ಟ. “ನಮ್ಮಪ್ಪ ಇನ್ನೊಂದು ಮಾಡ್ಕೊಡ್ತಾರೆ. ಮೊಳೆ ಸಡ್ಲ ಆದ್ರೆ ರಾತ್ರಿ ನೀರಲ್ ಹಾಕಿಡು, ಮರ ಊದ್ಕೊತದೆ” ಅಂದ. ಹೋದ. ಅವನ ಹೊಸ ಬುಗುರಿ ಬರೋಕೆ ಹದಿನೈದು ದಿನ ಹಿಡಿಯಿತು. ಅಲ್ಲಿಯವರೆಗೆ ಅವನು ಬೀದಿ ಬದಿಯ ಕಲ್ಲಿನ ಮೇಲೆ ಕೂತು ನಮ್ಮ ಆಟಕ್ಕೆ ನ್ಯಾಯ ಹೇಳುತ್ತಿದ್ದ.

ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ಮಾವ ಮತ್ತೆ ಬಂದರು. ಕೈಕಾಲು ತೊಳೆದು ಕೂತ ಕೂಡಲೇ ಕೇಳಿದ್ದೇ ಅದು.

“ಬುಗುರಿ ಎಲ್ಲೋ ಪುಟ್ಟ?”

“ಸ್ಕೂಲಲ್ಲಿ ಕಳೆದೋಯ್ತು ಮಾವ.”

ಒಳಗಿನಿಂದ ಅಜ್ಜಿಯ ದನಿ: “ಸುಳ್ಳು ಕಣಪ್ಪ. ಎರಡು ಹೋಳು ಮಾಡ್ಕಂಡು ದೇವರ ಗೂಡಲ್ಲಿ ಮಡಗವ್ನೆ.”

ಮಾವ ಬೈಯಲಿಲ್ಲ. ನನ್ನ ಜೇಬು ಉಬ್ಬಿದ್ದು ಕಾಣಿಸಿತು ಅನ್ಸುತ್ತೆ, ಕೈ ಚಾಚಿದರು. ಜಾಲಿ ಬುಗುರಿ ಕೊಟ್ಟೆ. ಹೆಬ್ಬೆರಳಿನ ಉಗುರಿನಿಂದ ಒಂದೊಂದೇ ಗುನ್ನ ಮುಟ್ಟಿ ಎಣಿಸಿದರು. ಒಂಬತ್ತು. “ಚಾಟಿ ತಾ” ಅಂದರು.

ಇಸ್ತ್ರಿ ಪ್ಯಾಂಟಿನಲ್ಲೇ ಬೀದಿಗೆ ಬಂದರು. ಹುರಿಯ ತುದಿ ಎಂಜಲು ಮಾಡಿ, ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ಒಂದು ಕಾಲು ಮುಂದಿಟ್ಟು ಬೀಸಿದರು. ಬುಗುರಿ ನೆಲ ಮುಟ್ಟಿದ ಸದ್ದೇ ಬೇರೆ ಥರ ಇತ್ತು. ಮರುಕ್ಷಣ ಅಪೀಟ್, ಬುಗುರಿ ಅವರ ಅಂಗೈ ಮೇಲೆ. “ಕೈ ಹಿಡಿ” ಅಂದರು. ತಿರುಗುತ್ತಿದ್ದ ಬುಗುರಿಯನ್ನು ಹಾಗೇ ನನ್ನ ಅಂಗೈಗೆ ಜಾರಿಸಿದರು. ಇರುವೆ ಹರಿದ ಹಾಗೆ ಕಚಗುಳಿ.

ಹುಡುಗರು ಬಿಡುತ್ತಾರಾ? ಮಾವನನ್ನೂ ಆಟಕ್ಕೆ ಸೇರಿಸಿಕೊಂಡರು. ಅಜ್ಜಿ ಕಾಫಿಗೆ ಮೂರು ಸಲ ಕರೆದರು. ಒಂಟಿಯಾಗಿ ಅಷ್ಟು ಸೊಗಸಾಗಿ ಆಡಿದ ಮಾವ ಹತ್ತು ಹುಡುಗರ ಗದ್ದಲದಲ್ಲಿ ಎರಡು ಸಲ ಅಪೀಟ್ ತಪ್ಪಿಸಿದರು. ಎರಡು ಸಲವೂ ವೃತ್ತದೊಳಗೆ ಕೂತಿದ್ದು ನನ್ನ ಬುಗುರಿ. ಕತ್ತಲಾಗಿ ಒಳಗೆ ಬಂದು ದೀಪದ ಕೆಳಗೆ ಎಣಿಸಿದೆ. ಗುನ್ನ ಹನ್ನೊಂದಾಗಿತ್ತು.