ರಾತ್ರಿ ಬೀದಿಗಿಳಿದ ಪಾಸ್ಟರ್‌ಗಳು

ನೆರೆಯವನನ್ನ ನಿನ್ನಂತೆಯೇ ಪ್ರೀತಿಸು ಅಂತ ಚರ್ಚಲ್ಲಿ ಕೇಳ್ತಾನೇ ಇರ್ತೀವಿ, ಆದ್ರೆ ಆ ನೆರೆಯವನ ಜೇಬಲ್ಲಿ ಪಿಸ್ತೂಲ್ ಇದ್ರೆ?

ಅಮೆರಿಕದ ಬಾಸ್ಟನ್‌ನಲ್ಲಿ 1992ರಲ್ಲಿ ಮಾರ್ನಿಂಗ್ ಸ್ಟಾರ್ ಬ್ಯಾಪ್ಟಿಸ್ಟ್ ಚರ್ಚಲ್ಲಿ ಸತ್ತ ಹುಡುಗನೊಬ್ಬನ ಅಂತ್ಯಕ್ರಿಯೆ ಪ್ರಾರ್ಥನೆ ನಡೀತಿದ್ದಾಗ್ಲೇ ಗ್ಯಾಂಗ್ ಹುಡುಗ್ರು ಒಳಗೆ ನುಗ್ಗಿ ಇನ್ನೊಬ್ಬನಿಗೆ ಹೊಡೆದು ಚಾಕು ಹಾಕಿದ್ರು. ಆಮೇಲೆ ಯೂಜೀನ್ ರಿವರ್ಸ್, ಜೆಫ್ರಿ ಬ್ರೌನ್, ರೇ ಹ್ಯಾಮಂಡ್ ಅವರಂಥ ಪಾಸ್ಟರ್‌ಗಳು ಸೇರಿ ಟೆನ್‌ಪಾಯಿಂಟ್ ಕೊಯಲಿಷನ್ ಅನ್ನೋ ಒಕ್ಕೂಟ ಕಟ್ಟಿದ್ರು, ಚರ್ಚ್ ಬಾಗಿಲು ಭದ್ರ ಮಾಡ್ಕೊಂಡು ಕೂರೋ ಬದ್ಲು ರಾತ್ರಿ ಹೊತ್ತು ಬಾಸ್ಟನ್ನಿನ ಡಾರ್ಚೆಸ್ಟರ್ ಬಡಾವಣೆಯ ಬೀದಿಗಳಲ್ಲಿ ನಡೆಯೋಕೆ ಶುರು ಮಾಡಿದ್ರು, ಉಪದೇಶ ಆಮೇಲೆ, ಮೊದ್ಲು ಆ ಹುಡುಗ್ರ ಮಾತು ಕೇಳೋದು. ನನಗೆ ತುಂಬಾ ಹಿಡಿಸಿದ್ದೇ ಇದು! ಪೊಲೀಸರ ಜೊತೆನೂ ಕೈಜೋಡಿಸಿದ್ರು, ಆದ್ರೆ ಕಂಡ ಕಂಡ ಕಪ್ಪು ಹುಡುಗ್ರನ್ನೆಲ್ಲ ಹಿಡಿದು ತಡಕಾಡೋದನ್ನ ಒಪ್ಪಲಿಲ್ಲ.

1990ರಲ್ಲಿ ಬಾಸ್ಟನ್‌ನಲ್ಲಿ 152 ಕೊಲೆ ಆಗಿದ್ವು, 1999ಕ್ಕೆ 31. ಎಲ್ಲಾ ಪಾಸ್ಟರ್‌ಗಳಿಂದಲೇ ಅಂತ ನಾನು ಹೇಳಲ್ಲ, ಗ್ಯಾಂಗ್‌ಗಳ ಗುಂಡಿನ ಕಾಳಗ ನಿಲ್ಲಿಸೋಕೆ 1996ರಲ್ಲಿ ಶುರುವಾದ ಆಪರೇಷನ್ ಸೀಸ್‌ಫೈರ್ ಅನ್ನೋ ಯೋಜನೆಯಲ್ಲಿ ಪೊಲೀಸರು, ಪ್ರೊಬೇಷನ್ ಅಧಿಕಾರಿಗಳು (ಶಿಕ್ಷೆ ಆದ್ರೂ ಜೈಲಿನ ಹೊರಗಿರೋರ ಮೇಲೆ ನಿಗಾ ಇಡೋರು), ಬೀದಿ ಕಾರ್ಯಕರ್ತರು ಎಲ್ಲರೂ ದುಡಿದಿದಾರೆ, ಆದ್ರೆ ಹುಡುಗ್ರೂ ಪೊಲೀಸರೂ ಇಬ್ರೂ ನಂಬೋ ಜನ ಮಧ್ಯದಲ್ಲಿ ಬೇಕಿತ್ತು, ಆ ಜಾಗದಲ್ಲಿ ನಿಂತವರು ಇವ್ರೇ.