ಎಲ್ಲಿ ಓದೀರಿ?

ನಮ್ಮ ಕಡೆಯ ಲಗ್ನಪತ್ರಿಕೆಗೆ ಒಂದು ಮಗ್ಗುಲು ಖಾಲಿ ಇರುತ್ತದೆ. 1993ರ ದೀಪಾವಳಿ ಸೂಟಿ ಮುಗಿಸಿ ಶಾಲೆಗೆ ಬಂದ ಮೊದಲ ದಿನ ಸಮಾಜ ವಿಜ್ಞಾನದ ಅಕ್ಕೋರು ಒಂಬತ್ತನೇ ಇಯತ್ತೆಯ ನಮಗೆಲ್ಲ ಹೇಳಿದರು: "ಮನ್ಯಾಗ ಹಳೇ ಲಗ್ನದ ಕಾರ್ಡ ಎಷ್ಟ ಅದಾವ, ಅಷ್ಟೂ ತಗೊಂಡ ಬರ್ರಿ." ಯಾಕೆ ಎಂದು ಹೇಳಲಿಲ್ಲ. ಮರುದಿನ ಮೇಜಿನ ಮೇಲೆ ರಾಶಿ ಬಿತ್ತು. ಕೆಲವಕ್ಕೆ ಮೂಲೆಯಲ್ಲಿ ಹಚ್ಚಿದ ಅರಿಸಿನ ಇನ್ನೂ ಹಾಗೇ ಇತ್ತು, ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು. ಅಕ್ಕೋರು ಅವನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿ, ಖಾಲಿ ಮಗ್ಗುಲು ಮೇಲೆ ಮಾಡಿ, ಒಬ್ಬೊಬ್ಬರಿಗೆ ಇಪ್ಪತ್ತರಂತೆ ಹಂಚಿದರು.

ಕಾರ್ಡಿನ ನೆತ್ತಿಯ ಮೇಲೆ ಒಂದು ಪ್ರಶ್ನೆ. ಒಂದೇ ಪ್ರಶ್ನೆ. ನಡುವೆ ಉತ್ತರ, ಅದೂ ನಮ್ಮ ಮಾತಿನಲ್ಲಿ. ಪುಸ್ತಕದ ಸಾಲನ್ನು ಇದ್ದಹಾಗೆ ಎತ್ತಿಕೊಂಡರೆ ಉದ್ಧರಣ ಚಿಹ್ನೆ ಹಾಕಲೇಬೇಕು. ಅಡಿಗೆ ಪುಸ್ತಕದ ಹೆಸರು, ಬರೆದವರು, ಅಚ್ಚಾದ ವರ್ಷ, ಪುಟ. ಆ ಅಡಿಯ ಸಾಲು ಇಲ್ಲದ ಕಾರ್ಡನ್ನು ಅಕ್ಕೋರು ಓದುತ್ತಲೇ ಇರಲಿಲ್ಲ. ತಿರುಗಿ ನಮ್ಮ ಕೈಗೆ ಕೊಟ್ಟು, "ಎಲ್ಲಿ ಓದೀರಿ?" ಎಂದು ಕೇಳುತ್ತಿದ್ದರು. ಅದು ಬೈಗುಳ ಅಲ್ಲ. ನೀವು ಓದಿದ್ದನ್ನು ನಾನೂ ಹೋಗಿ ಓದಬೇಕು, ಹಾದಿ ಹೇಳಿ ಎನ್ನುವ ಧಾಟಿಯಲ್ಲಿ ಕೇಳುತ್ತಿದ್ದರು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಓದಿದ್ದನ್ನು ತಾನೂ ಓದಬೇಕು ಎನ್ನುವ ದೊಡ್ಡವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಮ್ಮ ಗುಂಪಿಗೆ ಬಂದ ವಿಷಯ ನೀರು. ಊರಿನ ಹೆಸರು ಆಗ ಇನ್ನೂ ಬಿಜಾಪುರ, ವಿಜಯಪುರ ಎಂದಾದದ್ದು 2014ರಲ್ಲಿ. ನಮ್ಮ ಓಣಿಯ ನಳಕ್ಕೆ ನೀರು ಬರುತ್ತಿದ್ದದ್ದು ನಾಲ್ಕೈದು ದಿನಕ್ಕೊಮ್ಮೆ, ಬ್ಯಾಸಿಗೆಯಲ್ಲಿ ಇನ್ನೂ ತಡ. ನೀರು ಬಂದ ದಿನ ಕೊಡ ಹಿಡಿದು ಪಾಳಿ ಹಚ್ಚಿ, ಶಾಲೆಗೆ ತಡವಾಗಿ ಬರುತ್ತಿದ್ದ ಹುಡುಗಿಯರಲ್ಲಿ ನಾನೂ ಒಬ್ಬಳು. ಹಾಗೆ ತಡವಾಗಿ ಬಂದ ಒಂದು ದಿನವೇ ಅಕ್ಕೋರು ನಮ್ಮ ಗುಂಪಿನ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದರು: "ಆದಿಲ್‌ಶಾಹಿ ಕಾಲದಲ್ಲಿ ಈ ಊರಿನ ಮಂದಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತಿತ್ತು?" ನಮ್ಮ ಪಾಠದಲ್ಲಿ ಗೋಲಗುಮ್ಮಟ ಇತ್ತು, ಇಬ್ರಾಹಿಂ ರೋಜಾ ಇತ್ತು. ನೀರಿನ ಮಾತೇ ಇರಲಿಲ್ಲ.

ಗೆಳತಿಯರೆಲ್ಲ ಒಂದೇ ಕಡೆ ಸೇರದಂತೆ ನೋಡಿಕೊಂಡು ಅವರು ನಾಲ್ಕು ನಾಲ್ಕು ಮಂದಿಯ ಗುಂಪು ಮಾಡಿದ್ದರು. ನಮ್ಮದರಲ್ಲಿ ತೊರವಿಯಿಂದ ಸೈಕಲ್ ಮೇಲೆ ಬರುತ್ತಿದ್ದ ಹುಡುಗ, ಮನೆಯಲ್ಲಿ ಉರ್ದು ಮಾತಾಡುವ ಹುಡುಗಿ, ಮುತ್ತು ಪೋಣಿಸಿದಂತೆ ಬರೆಯುವ ಇನ್ನೊಬ್ಬಳು, ಮತ್ತು ನಾನು. ಅಲ್ಲಿಯವರೆಗೆ ನಾವು ನಾಲ್ವರೂ ಒಬ್ಬರ ಜೊತೆ ಒಬ್ಬರು ಸರಿಯಾಗಿ ಮಾತಾಡಿದ್ದು ನೆನಪಿಲ್ಲ.

ಶಾಲೆಯ ಗ್ರಂಥಾಲಯ ಎಂದರೆ ಕೀಲಿ ಹಾಕಿದ ಎರಡು ಕಪಾಟು. ಅದು ಸಾಲದೆಂದು ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಅಕ್ಕೋರು ನಮ್ಮನ್ನು ಊರಿನ ದೊಡ್ಡ ಗ್ರಂಥಾಲಯಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಚುರಮರಿ ತಿಂದಿದ್ದೆವು. ಗ್ರಂಥಪಾಲಕರು ಮೊದಲು ನಮ್ಮ ಬೆರಳು ನೋಡಿದರು, ಆಮೇಲೆ ಮುಖ. "ಎಣ್ಣಿ ಕೈಲೆ ಪುಸ್ತಕ ಮುಟ್ಟಬ್ಯಾಡ್ರಿ, ಮೊದಲ ಕೈ ತೊಳ್ಕೊಂಡ ಬರ್ರಿ" ಎಂದು ಹಿಂದಿನ ನಳ ತೋರಿಸಿದರು. ಆಮೇಲೆ ಕಟ್ಟಿಗೆಯ ಒಂದು ದೊಡ್ಡ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ಅದಕ್ಕೆ ಸಣ್ಣ ಸಣ್ಣ ಡ್ರಾವರುಗಳು. ಪ್ರತಿ ಡ್ರಾವರಿನಲ್ಲೂ ಒತ್ತಾಗಿ ನಿಂತ ಕಾರ್ಡುಗಳು, ಅವುಗಳ ಅಡಿಯ ತೂತಿನೊಳಗೆ ಹಾದುಹೋದ ಒಂದು ಸರಳು. ನಮ್ಮ ಲಗ್ನದ ಕಾರ್ಡುಗಳನ್ನು ಮೂರು ಇಂಚು, ಐದು ಇಂಚಿಗೆ ಕತ್ತರಿಸಿದ್ದು ಯಾಕೆಂದು ಆಗ ತಿಳಿಯಿತು.

ಒಂದು ಪುಸ್ತಕಕ್ಕೆ ಕಡಿಮೆಯೆಂದರೂ ಮೂರು ಕಾರ್ಡು ಎಂದು ಅವರು ಹೇಳಿಕೊಟ್ಟರು: ಬರೆದವರ ಹೆಸರಿನಲ್ಲಿ ಒಂದು, ಪುಸ್ತಕದ ಹೆಸರಿನಲ್ಲಿ ಒಂದು, ವಿಷಯದ ಹೆಸರಿನಲ್ಲಿ ಒಂದು. ಪಕ್ಕದ ಗುಂಪಿಗೆ ವಿಷಯವಾಗಿ ಬಂದದ್ದು ಫ.ಗು. ಹಳಕಟ್ಟಿಯವರು. ಆ ಹುಡುಗರು 'ಫ' ಡ್ರಾವರನ್ನು ಎರಡು ಸಲ ತಿರುವಿ ಹಾಕಿ, ಇಷ್ಟು ದೊಡ್ಡ ಮನುಷ್ಯರ ಒಂದು ಪುಸ್ತಕವೂ ಇಲ್ಲವೇ ಎಂದು ಮುಖ ಸಣ್ಣದು ಮಾಡಿ ನಿಂತರು. ಮನೆತನದ ಹೆಸರು ಮೊದಲು ಬರುತ್ತದೆ, 'ಹ' ತೆಗೆಯಿರಿ ಎಂದರು ಗ್ರಂಥಪಾಲಕರು. ಅಲ್ಲಿ ಸಾಲಾಗಿ ಇದ್ದವು. ಇದೇ ಊರಿನಲ್ಲಿ ವಕೀಲಿಕೆ ಮಾಡುತ್ತ, ಮನೆಮನೆ ತಿರುಗಿ ತಾಡೋಲೆ ಕೂಡಿಸಿ, 1923ರಲ್ಲಿ ವಚನಗಳನ್ನು ಅಚ್ಚಿಗೆ ತಂದವರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದವರು. ಅಚ್ಚಿನ ಮನೆಗಾಗಿ ಇರುವ ಮನೆಯನ್ನೇ ಮಾರಿದವರು. ಆ ಗುಂಪಿನ ಕಾರ್ಡು ನೋಡುತ್ತ ಅಕ್ಕೋರು ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ನಮ್ಮ ತೊರವಿಯ ಗೆಳೆಯ 'ತ' ಡ್ರಾವರು ಎಳೆದ. ಅವನ ಊರಿನ ಹೊಲಗಳ ಕೆಳಗೆ ಸುರಂಗ ಇದೆ, ಆದಿಲ್‌ಶಾಹಿಯವರು ಆ ಸುರಂಗದಲ್ಲಿ ಊರಿಗೆ ನೀರು ತಂದಿದ್ದರು ಎಂದು ಅವನ ಅಜ್ಜ ಹೇಳುತ್ತಿದ್ದರಂತೆ. ಡ್ರಾವರಿನಲ್ಲಿ ಸಿಕ್ಕಿದ್ದು 'ತೊರವೆ ರಾಮಾಯಣ'. ಅದರ ಮೇಲಿನ ಸಂಖ್ಯೆ 894.814, ಎಂದರೆ ಕನ್ನಡ ಸಾಹಿತ್ಯ. ನೀರು ಹುಡುಕಲು ಬಂದವನಿಗೆ ಕಾವ್ಯ ಸಿಕ್ಕಿತ್ತು. ಅವನು ಅದನ್ನು ಬಿಡಲಿಲ್ಲ. ಪುಸ್ತಕ ತರಿಸಿಕೊಂಡು, ತನ್ನ ಊರಿನ ನರಸಿಂಹನನ್ನು ನೆನೆದ ಕುಮಾರ ವಾಲ್ಮೀಕಿಯ ಪದ್ಯಗಳ ಮೇಲೆ ಬೆರಳಿಟ್ಟುಕೊಂಡು, ತಡವರಿಸುತ್ತ ಓದಿದ. ಅವನು ದಿನಾ ಸೈಕಲ್ ತುಳಿದು ಬಿಟ್ಟುಬರುತ್ತಿದ್ದ ಹಳ್ಳಿ ಒಂದು ಹಳೆಯ ಕಾವ್ಯದ ಹೆಸರಿನಲ್ಲೇ ಕೂತಿದೆ ಎಂಬುದು ಅವನಿಗೆ ಅಂದೇ ಗೊತ್ತಾದದ್ದು. ನಮ್ಮ ಪ್ರಶ್ನೆಗೆ ಅದರಿಂದ ಏನೂ ಉಪಯೋಗವಾಗಲಿಲ್ಲ. ಆದರೂ ಅಕ್ಕೋರು ಆ ಒಂದು ತಾಸನ್ನು ತಡೆಯಲಿಲ್ಲ. ಒಳ್ಳೆಯ ಶಿಕ್ಷಕರ ಗುರುತು ಅದೇ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಆಮೇಲೆ ಸಂಖ್ಯೆಗಳ ಪಾಠ. ಡ್ಯೂಯಿ ಎಂಬ ಅಮೆರಿಕದ ಗ್ರಂಥಪಾಲಕರು 1876ರಲ್ಲಿ ಹೊರತಂದ ಪದ್ಧತಿ ಅದು, ವಿದ್ಯೆಯನ್ನೆಲ್ಲ ಹತ್ತು ಪಾಲು ಮಾಡಿ ಒಂದೊಂದಕ್ಕೆ ನೂರು ನೂರು ಸಂಖ್ಯೆ ಕೊಟ್ಟದ್ದು. 954.87ರಲ್ಲಿ ಕರ್ನಾಟಕದ ಇತಿಹಾಸ. 720ರಿಂದ ವಾಸ್ತುಶಿಲ್ಪ. 628.1ರಲ್ಲಿ ನೀರು ಸರಬರಾಜು. ನಮ್ಮ ಒಂದು ಪ್ರಶ್ನೆಯ ಉತ್ತರ ಒಂದೇ ಕಪಾಟಿನಲ್ಲಿ ಇರುವುದಿಲ್ಲ, ಚೂರುಚೂರಾಗಿ ಹಂಚಿಹೋಗಿರುತ್ತದೆ ಎಂಬುದು ನಮಗೆ ಕಾಣಿಸಿತು. ಅಕ್ಕೋರು ಕೆಲಸ ಹಂಚಿದ್ದೂ ಹಾಗೆಯೇ. ಬಾವಡಿ, ಎಂದರೆ ಮೆಟ್ಟಿಲ ಬಾವಿ, ನಿನಗೆ, ಕೆರೆ ಅವನಿಗೆ ಎಂದಲ್ಲ, ಒಬ್ಬೊಬ್ಬರಿಗೆ ಒಂದೊಂದು ಕಪಾಟು. ನಾಲ್ಕನೆಯದು ಅಲ್ಲೇ ಕೂತು ಓದಬೇಕಾದ ಆಕರ ಗ್ರಂಥಗಳದ್ದು. ಹಾಗಾಗಿ ಊರಿಗೆ ನೀರು ಕೊಡುತ್ತಿದ್ದ ಬೇಗಂ ತಲಾಬ್ ಎಂಬ ಕೆರೆಯ ಕಥೆ ಪೂರ್ತಿ ಆಗಬೇಕಾದರೆ ನಾಲ್ವರ ಕಾರ್ಡೂ ಒಂದೇ ಮೇಜಿನ ಮೇಲೆ ಕೂಡಲೇಬೇಕಿತ್ತು.

ನನಗೆ ಬಂದದ್ದು 720. ಹೆನ್ರಿ ಕಸಿನ್ಸ್ ಎಂಬ ಪುರಾತತ್ವ ಇಲಾಖೆಯ ಅಧಿಕಾರಿ ಬಿಜಾಪುರದ ಕಟ್ಟಡಗಳ ಬಗ್ಗೆ ಬರೆದ, 1916ರಲ್ಲಿ ಅಚ್ಚಾದ ದೊಡ್ಡ ಪುಸ್ತಕ ಅಲ್ಲಿತ್ತು. ಅದರ ಚಿತ್ರಗಳನ್ನು ನೋಡುತ್ತ ಅರ್ಧ ದಿನ ಕಳೆದೆ. ಆಕರ ಗ್ರಂಥಗಳಲ್ಲಿ ಎಲ್ಲಕ್ಕಿಂತ ಭಾರವಾದದ್ದು 1884ರ ಬಾಂಬೆ ಪ್ರೆಸಿಡೆನ್ಸಿ ಗ್ಯಾಝೆಟಿಯರಿನ 23ನೇ ಸಂಪುಟ. ಇಡೀ ಸಂಪುಟ ನಮ್ಮ ಜಿಲ್ಲೆಯದೇ, ಆದರೆ ಎಲ್ಲಾ ಇಂಗ್ಲಿಷು. ಮೊದಲ ಪುಟದಿಂದ ಓದಲು ಹೊರಟ ನಮ್ಮನ್ನು ಗ್ರಂಥಪಾಲಕರು ತಡೆದು, ಪುಸ್ತಕವನ್ನು ಹಿಂದಿನಿಂದ ತೆರೆದರು. ಕೊನೆಯಲ್ಲಿ ಹೆಸರುಗಳ ಸೂಚಿ. ಪುಸ್ತಕಕ್ಕೆ ಹಿತ್ತಲ ಬಾಗಿಲು ಇರುತ್ತದೆ ಎಂದು ನನಗೆ ಗೊತ್ತಾದದ್ದು ಅಲ್ಲಿ.

ಆ ನಾಲ್ಕಾರು ಪುಟಗಳನ್ನು ಓದಿದ ಬಗೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ನಾನು ಇಂಗ್ಲಿಷ್ ಓದುವುದು. ಅಕ್ಷರ ಚಂದದ ಗೆಳತಿ ನಿಘಂಟು ತೆಗೆಯುವುದು. ಪಾರಸಿ, ಉರ್ದು ಶಬ್ದ ಬಂದಲ್ಲಿ ಇನ್ನೊಬ್ಬಳು ಬಿಡಿಸಿ ಹೇಳುವುದು. ಕೊಳವೆಯ ಹಾದಿಯ ನಡುನಡುವೆ ಕಟ್ಟಿದ ಗೋಪುರಗಳ ಮಾತು ಬಂತು. 25ರಿಂದ 40 ಅಡಿ ಎತ್ತರ, ನೀರು ಮೇಲೆ ಏರಿ ಇಳಿಯುತ್ತದೆ, ಒತ್ತಡ ತಗ್ಗಿ ಕೊಳವೆ ಒಡೆಯುವುದಿಲ್ಲ, ಕೆಸರು ತಳಕ್ಕೆ ಕೂತು ತಿಳಿನೀರು ಮುಂದೆ ಹರಿಯುತ್ತದೆ. ನಮಗೆ ಮೂವರಿಗೂ ತಲೆಬುಡ ತಿಳಿಯಲಿಲ್ಲ. ತೊರವಿಯವನು ಎದ್ದು ನಿಂತ. "ಅಯ್ಯ, ಇದು ಗಂಜ್! ನಾವು ಶಾಲಿಗೆ ಬರೂ ಹಾದ್ಯಾಗ ನಿಂತಾವಲ್ಲ, ಅವು!" ದಿನಾ ನೋಡುತ್ತಿದ್ದ ಮೊಂಡು ಗೋಪುರಕ್ಕೆ ಒಂದು ಕೆಲಸ ಇತ್ತು ಎಂದು ನಮಗೆ ಆಗ ತಿಳಿಯಿತು. ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ, ನೆಲದೊಳಗೆ 15ರಿಂದ 50 ಅಡಿ ಆಳದಲ್ಲಿ, ಗಾರೆಯಲ್ಲಿ ಹುಗಿದ ಮಣ್ಣಿನ ಕೊಳವೆಯಲ್ಲಿ ನೀರು ಊರಿಗೆ ನಡೆದುಬರುತ್ತಿತ್ತು. ನಾಲ್ಕು ದಿನಕ್ಕೊಮ್ಮೆ ನಳದ ಮುಂದೆ ನಿಲ್ಲುತ್ತಿದ್ದ ನನಗೆ ಅದನ್ನು ಕಾರ್ಡಿಗೆ ಬರೆಯುವಾಗ ಕೈ ನಡುಗಿತು.

ಎಲ್ಲವೂ ಸುಸೂತ್ರ ನಡೆಯಲಿಲ್ಲ. ಮೊದಲ ಎರಡು ವಾರ ಅಕ್ಷರ ಚಂದದವಳೇ ಎಲ್ಲರ ಕಾರ್ಡು ಬರೆದಳು, ನಾವು ಹೇಳುತ್ತ ಕೂತೆವು. ಅಕ್ಕೋರು ಅಷ್ಟನ್ನೂ ತಿರುಗಿ ಕೊಟ್ಟರು. ಓದಿದ ಕೈಯೇ ಬರೆಯಬೇಕು, ಅಕ್ಷರ ಹೇಗಿದ್ದರೂ ಸರಿ. ಆ ಹುಡುಗಿ ಅವತ್ತು ಅತ್ತಳು. ತನ್ನ ಕಪಾಟಿನ ಒಂದು ಪುಸ್ತಕವನ್ನೂ ಅವಳು ತೆರೆದಿರಲಿಲ್ಲ, ನಮ್ಮ ಬರವಣಿಗೆಯಲ್ಲೇ ಅವಳ ಹೊತ್ತು ಹೋಗಿತ್ತು. ಆ ತಪ್ಪು ನಮ್ಮದು. ಮುಂದಿನ ಶನಿವಾರ ನಾವು ಮೂವರೂ ಅವಳ ಜೊತೆ 628ರ ಮುಂದೆ ಕೂತೆವು.

ಇನ್ನೊಂದು ಜಗಳ ತಾಜ್ ಬಾವಡಿಯದು. ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿಸಿದ ಎಂದು ಒಬ್ಬಳ ಕಾರ್ಡು. ಅದು ವಾಸ್ತುಶಿಲ್ಪಿ ಮಲಿಕ್ ಸಂದಲ್ ಕಟ್ಟಿಸಿದ್ದು ಎಂದು ಇನ್ನೊಬ್ಬನ ಕಾರ್ಡು, ಜೊತೆಗೊಂದು ದೊಡ್ಡ ಕಥೆ. ಎರಡಕ್ಕೂ ಅಡಿಯ ಸಾಲು ಸರಿಯಾಗಿಯೇ ಇತ್ತು. ಕೈ ಎತ್ತಿಸಿ ಒಂದನ್ನು ಆರಿಸಲು ಹೊರಟಿದ್ದೆವು. ಅಕ್ಕೋರು ಬಂದು ಕೇಳಿದರು, "ಇದೇನ ಮಾನಿಟರ್ ಆರಿಸೂದೇನು? ಎರಡೂ ಬರೀರಿ. ಯಾವ ಪುಸ್ತಕ ಏನ ಹೇಳತೈತಿ, ಅದು ಯಾವಾಗ ಅಚ್ಚಾಗೈತಿ, ಅದನ್ನೂ ಬರೀರಿ." ಅಚ್ಚಾದ ಪುಸ್ತಕಗಳೂ ಒಂದರ ಮಾತು ಒಂದು ಒಪ್ಪದೆ ಇರಬಹುದು ಎಂಬುದು ಆವರೆಗೆ ನಮ್ಮ ತಲೆಗೆ ಹೊಳೆದಿರಲಿಲ್ಲ. ಆ ಭಾನುವಾರ ನಾಲ್ವರೂ ಬಾವಡಿಗೆ ಹೋಗಿ, ದೊಡ್ಡ ಕಮಾನಿನ ಎರಡೂ ಬದಿಯ ಎಂಟು ಮೂಲೆಯ ಗೋಪುರಗಳ ನೆರಳಿನಲ್ಲಿ ಕೂತು, ಕಾರ್ಡುಗಳಿಂದ ಕಟ್ಟುತ್ತಿದ್ದ ನಮ್ಮ ಪುಸ್ತಕದ ಆ ಪುಟವನ್ನು ಬರೆದೆವು.

ಓದಿದ್ದನ್ನು ಎಲ್ಲರ ಮುಂದೆ ಹೇಳುವ ದಿನ ಚೀಟಿ ಎತ್ತಿಸಿದರು. ತನ್ನ ಕಪಾಟಿನ ಬಗ್ಗೆ ತಾನೇ ಹೇಳುವಂತಿಲ್ಲ, ಚೀಟಿಯಲ್ಲಿ ಯಾರದು ಬಂತೋ ಅದನ್ನು. ಆ ಪದ್ಧತಿ ಮೊದಲೇ ಗೊತ್ತಿದ್ದರಿಂದ ಹಿಂದಿನ ವಾರವೆಲ್ಲ ಒಬ್ಬರಿಗೊಬ್ಬರು ಪಾಠ ಹೇಳಿಕೊಂಡಿದ್ದೆವು. ನನಗೆ ಗ್ಯಾಝೆಟಿಯರ್ ಬಂತು. ತೊರವಿಯವನು ನನ್ನ ಕಟ್ಟಡಗಳನ್ನು ನನಗಿಂತ ಚಂದ ಹೇಳಿದ.

ಈಗ ನಾನು ಇಂಡಿ ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಹುಡುಗರು ಎಲ್ಲವನ್ನೂ ಮೊಬೈಲಿನಿಂದ ಬರೆದು ತರುತ್ತಾರೆ. ಎಲ್ಲಿ ಓದೀರಿ ಎಂದರೆ "ಮೊಬೈಲ್‌ನ್ಯಾಗ್ರಿ" ಎನ್ನುತ್ತಾರೆ. ಯಾರು ಬರೆದದ್ದು, ಯಾವಾಗ ಬರೆದದ್ದು ಎಂದು ಕೂತು ಹುಡುಕುತ್ತೇವೆ. ನಮ್ಮಲ್ಲೂ ನಾಲ್ಕು ನಾಲ್ಕು ಮಂದಿಯ ಗುಂಪು, ನಮ್ಮಲ್ಲೂ ಲಗ್ನದ ಕಾರ್ಡು.

ನಾವು ನಾಲ್ವರು ಬರೆದ ಪುಸ್ತಕವನ್ನು ಶಾಲೆಯ ಕಪಾಟಿನಲ್ಲಿ ಇಟ್ಟಿದ್ದರು. ಅದರ ಕೊನೆಯ ಪುಟಕ್ಕೆ ಅಕ್ಕೋರು ಇಟ್ಟ ಹೆಸರು 'ಉತ್ತರ ಸಿಗದ ಪ್ರಶ್ನೆಗಳು', ಅದು ಮುಂದಿನ ವರ್ಷದ ಗುಂಪಿಗಾಗಿ. ನಾವು ಮೂರು ಬರೆದಿದ್ದೆವು. ಆ ಮಣ್ಣಿನ ಕೊಳವೆಗಳನ್ನು ಸುಟ್ಟ ಕುಂಬಾರರು ಯಾವ ಊರಿನವರು? ತೊರವಿಯ ಸುರಂಗದಲ್ಲಿ ನೀರು ಹರಿದ ಕೊನೆಯ ವರ್ಷ ಯಾವುದು? ನಮ್ಮ ಶಾಲೆ ನಿಂತ ಜಾಗಕ್ಕೆ ಯಾವ ಗಂಜಿನಿಂದ ನೀರು ಬರುತ್ತಿತ್ತು? ಈಗ ನಮ್ಮ ಆ ಶಾಲೆಯಲ್ಲಿ ಓದುತ್ತಿರುವ ಯಾರಿಗಾದರೂ ಇವುಗಳಲ್ಲಿ ಒಂದಕ್ಕೆ ಉತ್ತರ ಸಿಕ್ಕಿದ್ದರೆ ಒಂದು ಕಾರ್ಡಿನ ಮೇಲೆ ಬರೆದು ಈ ಸಂಚಿಕೆಯ ಸಂಪಾದಕರ ಕೈಗೆ ಕೊಡಿ, ಅವರು ನನಗೆ ಮುಟ್ಟಿಸುತ್ತಾರೆ. ಅಡಿಯ ಸಾಲು ಬಿಡಬೇಡಿ: ಪುಸ್ತಕ, ಬರೆದವರು, ವರ್ಷ, ಪುಟ.